ಕಾಯೋದಕ್ಕೂ ಒಂದು ಕೊನೇ ದಿನಾಂಕ ಇರಬೇಕು



ಸ್ವಲ್ಪ ಉದ್ದದ ಪೋಸ್ಟು. ಮನೇಲಿ ಪಿಯುಸಿ ಸೈನ್ಸ್ ಓದೋ ಮಕ್ಕಳಿದ್ರೆ ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು ತಂಗಿಯ ಮನೆಗೆ ಹೋಗಿದ್ದೆ. ಅವಳನ್ನ ಕೊಟ್ಟಿರೋದು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ. ಅವಳ ಮಗಳು, ಅಂದ್ರೆ ನನ್ನ ಸೊಸೆ, ಕೊಟ್ಟೂರಿನ ಹಾಸ್ಟೆಲ್‌ನಲ್ಲಿ ಇದ್ದು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ನಮ್ಮ ಕಡೆ ಸೋದರಮಾವ ಮನೆಗೆ ಬಂದ ಅಂದ್ರೆ ಮದುವೆ ಮಾತಿಗೆ ಬಂದ ಅಂತ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಲ್ತಾರೆ. ನಾನು ಬಂದಿದ್ದು ಅವಳು ಫೋನು ಮಾಡಿ ಕರೆದಿದ್ದಕ್ಕೆ. ಕೂತ ಕೂಡಲೇ ಕೇಳಿದಳು:

"ಮಾವ, ಫಿಸಿಷಿಯನ್ ಅಸಿಸ್ಟೆಂಟ್ ಕೋರ್ಸಿಗೆ ಈ ವರ್ಷನೇ ಅರ್ಜಿ ಹಾಕ್ಲಾ, ಮುಂದಿನ ವರ್ಷ ಹಾಕ್ಲಾ?"

ಈ ಕೋರ್ಸು ಬಹಳ ಜನಕ್ಕೆ ಗೊತ್ತಿಲ್ಲ. ಡಾಕ್ಟರ ಕೈಕೆಳಗೆ ಕೆಲಸ. ರೋಗಿಯ ಹತ್ರ ಕೂತು ಏನಾಗಿದೆ ಅಂತ ಕೇಳಿ ಬರೆದುಕೊಳ್ಳೋದು, ಮೈ ಮುಟ್ಟಿ ಪರೀಕ್ಷೆ ಮಾಡೋದು, ಆಪರೇಷನ್‌ನಲ್ಲಿ ಕೈಜೋಡಿಸೋದು, ಆಮೇಲೆ ಗಾಯ ನೋಡಿಕೊಳ್ಳೋದು. ನಮ್ಮ ದೇಶದಲ್ಲಿ ಮೊದಲು ಶುರುವಾಗಿದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ, ಹೃದಯದ ಡಾಕ್ಟರು ಕೆ.ಎಂ. ಚೆರಿಯನ್ ಅವರಿಂದ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್ ವೃತ್ತಿಗಳಿಗೆ ಅಂತ ತಂದ ಕಾನೂನಿನ ಪಟ್ಟಿಯಲ್ಲೂ ಈ ವೃತ್ತಿ ಸೇರಿದೆ.

ಮನೇಲಿ ಒಬ್ಬೊಬ್ಬರದು ಒಂದೊಂದು ಮಾತು. ಭಾವ ಹೇಳಿದ: "ಈ ಸಲ ಈರುಳ್ಳಿ ರೇಟು ಬಿದ್ದೈತಿ. ದೀಪಾವಳಿ ಮುಗಿಸಿ ಒಂದು ಸಲ ಕಾಫಿ ಸೀಮೆಗೆ ಗುಳೆ ಹೋಗಿ ಬರ್ತೀವಿ. ಕೈಯಾಗ ನಾಕು ಕಾಸು ಆಗ್ಲಿ, ಮುಂದಿನ ವರ್ಷ ನೋಡೋಣು." ಅವಳ ಲೆಕ್ಚರರ್ ಹೇಳಿದ್ದು, ಇನ್ನೊಂದು ವರ್ಷ ಕೂತು ನೀಟ್ ಬರಿ. ಅತ್ತೆ ಏನೂ ಹೇಳಲಿಲ್ಲ. ಆದ್ರೆ ಒಂದು ವರ್ಷ ಹುಡುಗಿ ಮನೇಲಿ ಕೂತರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತಲ್ಲ. ಉಚ್ಚಂಗಿದುರ್ಗದ ಜಾತ್ರೆ ಮುಗಿಯೋದರೊಳಗೆ ಗಂಡು ನೋಡಿರ್ತಾರೆ.

"ಮುಂದಿನ ವರ್ಷ" ಅನ್ನೋ ಮಾತು ಕೇಳಿದ್ರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಯಾಕೆ ಅಂತ ಹೇಳ್ತೀನಿ.

1996ರಲ್ಲಿ ನಾನು ಪಿಯುಸಿ ಪಾಸಾದೆ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಮಾಡಬೇಕು ಅಂತ ಆಸೆ. ಅರ್ಜಿ ತಂದಿದ್ದೆ, ತುಂಬಿಯೂ ಇದ್ದೆ. ಅಪ್ಪ ಅಂದ, "ಶೇಂಗಾ ಬರ್ಲಿ ತಡಿ, ಮುಂದಿನ ವರ್ಷ ಹಾಕು." ಆ ವರ್ಷ ಮಳೆ ಕೈಕೊಟ್ಟಿತು. ನಾನೂ ಗುಳೆ ಹೋದೆ. ಮುಂದಿನ ವರ್ಷ ತಂಗಿ ಮದುವೆ ಸಾಲ. ಅದರ ಮುಂದಿನ ವರ್ಷ ಅಪ್ಪ ಇರಲಿಲ್ಲ. ಆ ಅರ್ಜಿ ಬಹಳ ದಿನ ಟ್ರಂಕಿನಲ್ಲಿ ಇತ್ತು. ಜಮೀನು ಇದ್ದವರ ಮನೇಲಿ ಮುಂದಿನ ವರ್ಷ ಅಂದ್ರೆ ಹನ್ನೆರಡು ತಿಂಗಳು. ನಮ್ಮ ಕೇರಿಯಲ್ಲಿ ಅದಕ್ಕೆ ಲೆಕ್ಕ ಇಲ್ಲ.

ಅದಕ್ಕೇ ನಾನು ಯೋಚನೆನೇ ಮಾಡದೆ ಹೇಳಿಬಿಟ್ಟೆ: "ಈ ವರ್ಷನೇ ಹಾಕು. ನಾಳೆನೇ ಹಾಕು."

ಅವಳು ನಗಲಿಲ್ಲ. "ಮಾವ, ನಾನು ರೆಡಿ ಇದೀನಾ ಇಲ್ಲಾ ಅಂತ ನೀನು ಕೇಳ್ಲೇ ಇಲ್ಲ" ಅಂದಳು. ಫೋನಿನಲ್ಲಿ ಅಮೆರಿಕದವರ ವಿಡಿಯೊ ನೋಡಿದ್ದಾಳೆ. ಅಲ್ಲಿ ಈ ಕೋರ್ಸು ಡಿಗ್ರಿ ಆದಮೇಲೆ. ಅರ್ಜಿ ಹಾಕೋಕೆ ಮುಂಚೆ ನೂರಾರು, ಸಾವಿರಾರು ಗಂಟೆ ರೋಗಿಗಳ ಹತ್ರ ಕೆಲಸ ಮಾಡಿರಬೇಕು ಅಂತ ಬಹಳಷ್ಟು ಕಾಲೇಜು ಕೇಳ್ತಾವೆ. ಅಲ್ಲಿನ ಹುಡುಗರು ನನ್ನ ಗಂಟೆ ಸಾಕಾ, ಇನ್ನೊಂದು ವರ್ಷ ಕಾಯಲಾ ಅಂತ ತಲೆ ಕೆಡಿಸಿಕೊಳ್ತಾರೆ. ಇವಳೂ ಅದನ್ನೇ ತಲೆಗೆ ಹಚ್ಚಿಕೊಂಡಿದ್ದಳು. "ನಾನು ಒಂದು ಸೂಜಿನೂ ಹಿಡಿದಿಲ್ಲ ಮಾವ."

ಆಗ ನಾನು ಕೇಳಿದೆ: ಎರಡು ವರ್ಷದ ಹಿಂದೆ ನಿಮ್ಮಜ್ಜಿನ ಬಳ್ಳಾರಿ ವಿಮ್ಸ್‌ಗೆ ರೆಫರ್ ಮಾಡಿದಾಗ ವಾರ್ಡಿನಲ್ಲಿ ಯಾರಿದ್ರು? ಹತ್ತೊಂಬತ್ತು ದಿನ ನೀನು. ಯಾವ ಮಾತ್ರೆ ಯಾವಾಗ ಅಂತ ಬರೆದಿಟ್ಟಿದ್ದು ನೀನು. ಬೆನ್ನಿಗೆ ಹುಣ್ಣು ಆಗಬಾರದು ಅಂತ ಮಗ್ಗುಲು ಹೊರಳಿಸಿದ್ದು ನೀನು. ಪಕ್ಕದ ಬೆಡ್ಡಿನವರಿಗೂ ಚೀಟಿ ಓದಿ ಹೇಳಿದ್ದು ನೀನು. ಆ ಗಂಟೆಗಳನ್ನ ಬರೆಯೋ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ, ಅಷ್ಟೇ.

ಆಮೇಲೆ ಒಂದು ಕಥೆ ಹೇಳಿದೆ, ನಿಮಗೂ ಹೇಳ್ತೀನಿ. ಅಮೆರಿಕದ ನಾರ್ತ್ ಕೆರೊಲೈನಾದ ಗಾರ್ಲೆಂಡ್ ಅನ್ನೋ ಸಣ್ಣ ಊರಲ್ಲಿ ಡಾ. ಏಮಸ್ ಜಾನ್ಸನ್ ಅಂತ ಒಬ್ಬ ಬಿಳಿಯ ಡಾಕ್ಟರ್ ಇದ್ದರು. ಅವರ ಹತ್ರ ಹೆನ್ರಿ ಲೀ ಟ್ರೆಡ್‌ವೆಲ್ ಅಂತ ಒಬ್ಬ ಕಪ್ಪು ಮನುಷ್ಯ ಸಹಾಯಕ. ಊರವರ ಬಾಯಲ್ಲಿ ಬಡ್ಡಿ. ಕೋರ್ಸು ಮಾಡಿ ಬಂದವನಲ್ಲ, ಡಾಕ್ಟರ ಪಕ್ಕ ನಿಂತು ಕಲಿತವನು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಈ ಕೋರ್ಸು ಶುರು ಮಾಡಿದಾಗ ಅವರ ಕಣ್ಣಮುಂದೆ ಇದ್ದ ಮಾದರಿಗಳಲ್ಲಿ ಈ ಟ್ರೆಡ್‌ವೆಲ್ ಒಬ್ಬ. ಮೊದಲ ಬ್ಯಾಚಿಗೆ ಸೇರಿಸಿಕೊಂಡಿದ್ದು ನೌಕಾಪಡೆಯಲ್ಲಿ ಗಾಯಾಳುಗಳ ಆರೈಕೆ ಮಾಡಿ ಬಂದವರನ್ನ. ಕೈಗೆ ಕೆಲಸ ಗೊತ್ತು, ಪದವಿ ಇಲ್ಲ, ಅಂಥವರನ್ನ.

ನಮ್ಮ ಆಸ್ಪತ್ರೆಗಳಲ್ಲಿ ಅಂಥ ಬಡ್ಡಿಗಳು ಎಷ್ಟು ಜನ ಇಲ್ಲ? ಡ್ರೆಸ್ಸಿಂಗ್ ಮಾಡೋನು ನಮ್ಮವನು. ಪೋಸ್ಟ್‌ಮಾರ್ಟಂ ಕೋಣೆಯಲ್ಲಿ ಹೆಣ ಕೊಯ್ಯೋನು ನಮ್ಮವನು. ರಿಜಿಸ್ಟರಿನಲ್ಲಿ ಮಾತ್ರ ಅವರು ಕಸ ಗುಡಿಸೋರು. ನಮ್ಮವ್ವ ಜ್ವರದಲ್ಲಿ ಬಿದ್ದಾಗ ಒಂದು ಆಸ್ಪತ್ರೆಯಲ್ಲಿ ಯಾವ ಕೇರಿ ಅಂತ ಕೇಳಿ, ಮೈ ಮುಟ್ಟದೆ, ಟೇಬಲ್ಲಿನ ಆಚೆಯಿಂದಲೇ ಚೀಟಿ ಬರೆದುಕೊಟ್ಟರು. ಅವ್ವನ ಹಣೆ ಮೇಲೆ ಕೈಯಿಟ್ಟು ನೋಡಿದ್ದು ನೆಲ ಒರೆಸ್ತಿದ್ದ ಅಣ್ಣ. ನನ್ನ ಸೊಸೆ ಈ ಕೋರ್ಸು ಮಾಡಬೇಕು ಅಂದಾಗ ನನಗೆ ಮೊದಲು ನೆನಪಾಗಿದ್ದು ಆ ಕೈ. ಮುಟ್ಟಿ ನೋಡೋದೇ ಕೆಲಸ ಆಗಿರೋ ಕುರ್ಚಿಯಲ್ಲಿ ನಮ್ಮ ಹುಡುಗಿ ಕೂರಬೇಕು.

ಆದ್ರೆ ಅವಳು ನನಗಿಂತ ಹುಷಾರು. "ಕಥೆ ಚೆನ್ನಾಗೈತಿ ಮಾವ. ಫೀಸು ಎಷ್ಟು? ಯಾವ ಯೂನಿವರ್ಸಿಟಿ? ಮ್ಯಾನೇಜ್‌ಮೆಂಟ್ ಸೀಟಾ, ಗೌರ್ಮೆಂಟ್ ಕೋಟಾನಾ?" ಅಂತ ಸಾಲಾಗಿ ಕೇಳಿದಳು. ನಾನು ಮೂವತ್ತು ವರ್ಷದಿಂದ ಡಿಸಿ ಕಚೇರಿ ಮುಂದೆ ಭಾಷಣ ಮಾಡಿದೋನು. ಒಂದಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ಟ್ರಂಕಿನ ಅರ್ಜಿಯ ದುಃಖಕ್ಕೆ ಅವಳನ್ನ ದೂಡ್ತಾ ಇದ್ದೆ ಅನ್ನೋದು ಆಗ ಗೊತ್ತಾಯ್ತು.

ಇಬ್ಬರೂ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದ್ವಿ. ಜಾತಿ ಪ್ರಮಾಣಪತ್ರ ಇತ್ತು. ಆದಾಯದ್ದು ಅವಧಿ ಮುಗಿದಿತ್ತು. 371(ಜೆ) ಪ್ರಮಾಣಪತ್ರ ಮಾಡಿಸಿರಲೇ ಇಲ್ಲ. ಈ 371(ಜೆ)ದು ನಮ್ಮ ಭಾಗದ ದೊಡ್ಡ ಕಥೆ. 1997ರಲ್ಲಿ ಹರಪನಹಳ್ಳಿಯನ್ನ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 2013ರಲ್ಲಿ 371(ಜೆ) ಬಂದಾಗ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಮಕ್ಕಳಿಗೆ ಸಿಕ್ಕಿತು, ಪಕ್ಕದ ಹರಪನಹಳ್ಳಿ ಮಕ್ಕಳಿಗೆ ಇಲ್ಲ. ಹೋರಾಟ ಮಾಡಿ ಮಾಡಿ, ತಾಲ್ಲೂಕು ವಾಪಸ್ ಬಳ್ಳಾರಿಗೆ ಸೇರಿದ ಮೇಲೆ ಸಿಕ್ಕಿತು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಬೇರೆ ಕಡೆ ನೂರಕ್ಕೆ 8 ಸೀಟು ಈ ಭಾಗದವರಿಗೆ. ಅವಳ ಅಕ್ಕನ ವಯಸ್ಸಿನ ಹುಡುಗಿಯರಿಗೆ ಪಿಯುಸಿ ಮುಗಿಸಿದಾಗ ಇದು ಇರಲಿಲ್ಲ. ಇವಳಿಗೆ ಇದೆ, ಕಾಗದ ಮಾಡಿಸಿದ್ರೆ ಮಾತ್ರ.

ಕೊನೆಗೆ ಅವಳೇ ತೀರ್ಮಾನ ಮಾಡಿದಳು. ಈ ವರ್ಷನೇ ಅರ್ಜಿ. ಆದ್ರೆ ಗೌರ್ಮೆಂಟ್ ಕೋಟಾಕ್ಕೆ ಮಾತ್ರ. ಫಿಸಿಷಿಯನ್ ಅಸಿಸ್ಟೆಂಟ್ ಎಲ್ಲಾ ಕಾಲೇಜಿನಲ್ಲೂ ಇಲ್ಲ, ಅದಕ್ಕೆ ಆಪರೇಷನ್ ಥಿಯೇಟರ್, ಡಯಾಲಿಸಿಸ್ ಕೋರ್ಸುಗಳನ್ನೂ ಪಟ್ಟಿಯಲ್ಲಿ ಇಟ್ಟುಕೊಂಡಿದ್ದಾಳೆ. ಸೀಟು ಸಿಗದಿದ್ರೆ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗಲ್ಲ, ಒಂದು ವರ್ಷ ಕಾಯ್ತಾಳೆ. ಆಗ ಅಪ್ಪ ಅವ್ವಗೆ ಅಂದಳು:

"ಕಾಯೋದಕ್ಕೂ ಒಂದು ಕೊನೇ ದಿನಾಂಕ ಇರ್ಬೇಕು. ಮುಂದಿನ ಜೂನ್ ತನಕ. ಅಲ್ಲೀತನಕ ನಾನು ಆಸ್ಪತ್ರ್ಯಾಗ ಕೆಲಸ ಮಾಡ್ತೀನಿ. ಮದುವಿ ಮಾತು ತೆಗೀಬ್ಯಾಡ್ರಿ."

ಭಾವ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಆದಾಯದ್ದು ಮಾಡ್ಸಾಕ ನಾಳೆ ನಾಡಕಚೇರಿಗೆ ಹೋಗಿ ಬರ್ತೀನಿ" ಅಂದ. ಅಷ್ಟೇ ಅಂದಿದ್ದು. ಒಂದು ದಿನದ ಕೂಲಿ ಬಿಟ್ಟು ಹೋದ.

ಸೀಟು ಸಿಗುತ್ತಾ ಇಲ್ಲವಾ ಇನ್ನೂ ಗೊತ್ತಿಲ್ಲ. ಸಿಕ್ಕ ಮೇಲೆ ಬರೆಯೋಣ ಅಂತ ಕಾಯ್ತಾ ಕೂತ್ರೆ ಅದೂ ನನ್ನ ಹಳೇ ಚಾಳಿನೇ. ಅದಕ್ಕೆ ಈಗಲೇ ಬರೀತಿದೀನಿ.

ಎಲ್ಲಾ ತಾಲ್ಲೂಕಿನ ಗೆಳೆಯರಲ್ಲಿ ಒಂದು ಕೋರಿಕೆ. ಅಂಬೇಡ್ಕರ್ ಜಯಂತಿಗೆ ಬ್ಯಾನರ್ ಕಟ್ಟೋ ಹೊತ್ತಿಗೇ ಪಿಯುಸಿ ರಿಸಲ್ಟು ಬರುತ್ತೆ. ಅದಕ್ಕೂ ಮುಂಚೆ ನಿಮ್ಮ ಕೇರಿಯ ಮಕ್ಕಳ ಕಾಗದ ಒಂದ್ಸಲ ನೋಡಿ. ಜಾತಿ, ಆದಾಯ, 371(ಜೆ), ಆಧಾರ್‌ನಲ್ಲಿ ಹೆಸರಿನ ಅಕ್ಷರ ಸರಿ ಇದೆಯಾ ನೋಡಿ. ಕಾಲೇಜಿಗೆ ದುಡ್ಡು ಕಟ್ಟೋಕೆ ಮುಂಚೆ ಅದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಅಂತ ಕೇಳಿ. ದೇವದಾಸಿ ತಾಯಂದಿರ ಮಕ್ಕಳು ತಂದೆ ಹೆಸರಿನ ಕಾಲಂ ನೋಡಿ ಕೌಂಟರಿನಿಂದ ವಾಪಸ್ ಬರ್ತಾರೆ. ಅವರ ಜೊತೆ ಒಬ್ಬರು ಹೋಗಿ ನಿಲ್ಲಿ.

ಮತ್ತೆ, ಯಾವಾಗ ಅರ್ಜಿ ಹಾಕ್ಬೇಕು ಅಂತ ಮಗು ಕೇಳಿದ್ರೆ ನನ್ನ ಹಂಗೆ ಥಟ್ ಅಂತ ಉತ್ತರ ಕೊಡಬೇಡಿ. ಪಕ್ಕ ಕೂತು, ಒಂದು ನೋಟ್‌ಬುಕ್ ತೆಗೀರಿ.

ಜೈಭೀಮ್.