ಡೈರೆಕ್ಟರ್ ನಂಬರ್ ಸಿಗುತ್ತಾ? (ಸಿನಿಮಾ ಬರೆಯೋರಿಗೆ, ಭಾಗ 4)

ಹೋದ ಭಾಗ ಹಾಕಿದ ಮೇಲೆ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ಥರ: "ಬ್ರೋ, ನನ್ನ ಹತ್ರ ಸೂಪರ್ ಕಥೆ ಇದೆ, ಯಾವ್ದಾದ್ರೂ ಡೈರೆಕ್ಟರ್ ನಂಬರ್ ಸಿಗುತ್ತಾ?"

ನಾನು ಬಿಕಾಂ ಓದ್ತಿರೋ ಹುಡುಗ, ನನ್ನ ಹತ್ರ ಯಾರ ನಂಬರೂ ಇಲ್ಲ. ಆದ್ರೆ ಸಿಕ್ಕಿತು ಅಂತಾನೇ ಇಟ್ಕೊಳ್ಳಿ. ಅವರು ಫೋನ್ ಎತ್ತಿ "ಕಳ್ಸಿ, ಓದ್ತೀನಿ" ಅಂದ್ರೆ ಏನು ಕಳಿಸ್ತೀರಿ?

ತಲೆಯಲ್ಲಿರೋದು ಬರೀ ಕಥೆ. ಚಿತ್ರಕಥೆ ಇರೋದು ಪುಟದ ಮೇಲೆ. ಒಳಗಾ ಹೊರಗಾ, ಯಾವ ಜಾಗ, ಹಗಲಾ ರಾತ್ರಿಯಾ, ಏನು ಕಾಣುತ್ತೆ, ಏನು ಕೇಳುತ್ತೆ, ಅಷ್ಟೇ. ಮಾಮೂಲಿ ಫಾರ್ಮ್ಯಾಟ್‌ನಲ್ಲಿ ಒಂದು ಪುಟಕ್ಕೆ ತೆರೆ ಮೇಲೆ ಹೆಚ್ಚುಕಮ್ಮಿ ಒಂದು ನಿಮಿಷ. "ರವಿಗೆ ಅಪ್ಪನ ಮೇಲೆ ಸಿಟ್ಟು" ಅಂತ ಬರೆದ್ರೆ ಅದನ್ನ ಶೂಟ್ ಮಾಡೋಕಾಗಲ್ಲ. "ಅಪ್ಪ ಊಟಕ್ಕೆ ಕೂತ ತಕ್ಷಣ ರವಿ ತಟ್ಟೆ ಎತ್ಕೊಂಡು ಎದ್ದು ಹೋಗ್ತಾನೆ" ಅಂತ ಬರೆದ್ರೆ ಆಗುತ್ತೆ.

ಈಗ ಸಂಬಂಧದ ವಿಷಯ. ನಮ್ಮ ಕನ್ನಡ ಸಿನಿಮಾನೇ ನೋಡಿ. ಪವನ್ ಕುಮಾರ್ ಮೊದಲು ಯೋಗರಾಜ್ ಭಟ್ಟರ ಜೊತೆ 'ಮನಸಾರೆ' (2009), 'ಪಂಚರಂಗಿ' (2010) ಸಿನಿಮಾಗಳಿಗೆ ಬರೆದ್ರು. ಆಮೇಲೆ ತಾವೇ ನಿರ್ದೇಶಕರಾದ್ರು. 'ಲೂಸಿಯಾ' (2013) ಸಿನಿಮಾವನ್ನ ಪ್ರೇಕ್ಷಕರ ಹತ್ರಾನೇ ದುಡ್ಡು ಸೇರಿಸಿ ಮಾಡಿದ್ರು. ಮುಂದೆ ಮಂಗಳೂರಿನ ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ 'ಒಂದು ಮೊಟ್ಟೆಯ ಕಥೆ'ಗೆ (2017) ನಿರ್ಮಾಪಕರಾಗಿ ನಿಂತವರಲ್ಲಿ ಇದೇ ಪವನ್ ಒಬ್ಬರು. ಇನ್ನೊಂದು ಕಡೆ, ರಕ್ಷಿತ್ ಶೆಟ್ಟಿ ನಿರ್ದೇಶನದ 'ಉಳಿದವರು ಕಂಡಂತೆ'ಯಲ್ಲಿ (2014) ರಿಷಬ್ ಶೆಟ್ಟಿ ನಟಿಸಿದ್ರು. ಎರಡು ವರ್ಷ ಬಿಟ್ಟು 'ರಿಕ್ಕಿ', 'ಕಿರಿಕ್ ಪಾರ್ಟಿ' ಎರಡರಲ್ಲೂ ರಿಷಬ್ ನಿರ್ದೇಶಕರು, ರಕ್ಷಿತ್ ಹೀರೋ.

ನನಗೆ ಇದ್ರಲ್ಲಿ ಕಾಣೋದು ಇಷ್ಟು: ಒಂದು ಕೆಲಸ ಜೊತೆಗೆ ಮುಗಿಸಿದವರು ಇನ್ನೊಂದು ಕೆಲಸಕ್ಕೆ ಮತ್ತೆ ಸೇರ್ತಾರೆ. ಹಾಗಾಗಿ ನೀವು ಹುಡುಕ್ತಿರೋ ಮನುಷ್ಯ ದೊಡ್ಡ ಆಫೀಸಲ್ಲೇ ಇರಬೇಕಂತಿಲ್ಲ. ನಿಮ್ಮ ಪಕ್ಕದ ಬೆಂಚಲ್ಲಿ ಕೂತು ಮೊಬೈಲಲ್ಲಿ ಎಡಿಟ್ ಮಾಡ್ತಿರೋ ಹುಡುಗಿಯೇ ಇರಬಹುದು.

ಆದ್ರೆ ಜೊತೆಗಿರೋದು ಅಂದ್ರೆ ಪುಕ್ಕಟೆ ದುಡಿಯೋದು ಅಂತಲ್ಲ. ನನ್ನ ಕ್ಲಾಸ್‌ಮೇಟ್ ಒಬ್ಬಳು ಒಂದು ಶಾರ್ಟ್ ಫಿಲ್ಮ್‌ಗೆ ಪೂರ್ತಿ ಸಂಭಾಷಣೆ ಬರೆದ್ಲು. ಟೈಟಲ್‌ನಲ್ಲಿ ಅವಳ ಹೆಸರೇ ಇರಲಿಲ್ಲ. ಕೇಳಿದ್ದಕ್ಕೆ "ಫ್ರೆಂಡ್ಸ್ ಮಧ್ಯೆ ಇದೆಲ್ಲಾ ಯಾಕೆ" ಅಂದ್ರಂತೆ. ಅವತ್ತಿಂದ ಅವಳು ಒಂದು ಸೀನೂ ಬರೆದಿಲ್ಲ. ನಮ್ಮ ಕ್ಲಾಸಲ್ಲಿ ಅವಳಷ್ಟು ಚೆನ್ನಾಗಿ ಮಾತು ಬರೆಯೋರು ಯಾರೂ ಇಲ್ಲ. (ಅವಳನ್ನ ಕೇಳೇ ಇದನ್ನ ಹಾಕ್ತಿದೀನಿ.)

ಅದಕ್ಕೇ ಕಾಮರ್ಸ್‌ನವರ ಬುದ್ಧಿ ಸ್ವಲ್ಪ ಉಪಯೋಗಿಸೋಣ. 1957ರ ಕಾಪಿರೈಟ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕು ಮಾರಿದ ಮೇಲೂ "ಇದನ್ನ ಬರೆದದ್ದು ನಾನು" ಅಂತ ಹೇಳಿಕೊಳ್ಳೋ ಹಕ್ಕು ಬರೆದವರಿಗೆ ಇರುತ್ತೆ. ಇನ್ನೊಂದು, ಆರ್.ಜಿ. ಆನಂದ್ ಕೇಸಲ್ಲಿ (1978) ಸುಪ್ರೀಂ ಕೋರ್ಟ್ ಹೇಳಿದ್ದು: ಬರೀ ಐಡಿಯಾಗೆ ಕಾಪಿರೈಟ್ ಇಲ್ಲ, ಅದನ್ನ ಬರೆದ ರೂಪಕ್ಕೆ ಮಾತ್ರ ಇದೆ. ಕ್ಯಾಂಟೀನಲ್ಲಿ ಹೇಳಿದ ಕಥೆಗಿಂತ ತಾರೀಖು ಸಮೇತ ಮೇಲ್ ಮಾಡಿದ ಪಿಡಿಎಫ್ ವಾಸಿ.

ಕೆಲಸ ಶುರು ಮಾಡೋ ಮುಂಚೆ ಒಂದು ಮೆಸೇಜ್ ಹಾಕಿ: ಯಾರು ಏನು ಬರೀತಾರೆ, ಟೈಟಲ್‌ನಲ್ಲಿ ಹೆಸರು ಹೇಗೆ ಬರುತ್ತೆ, ದುಡ್ಡು ಬಂದ್ರೆ ಹೇಗೆ ಹಂಚ್ಕೋತೀವಿ. ಕೇಳೋಕೆ ಮುಜುಗರ ಆಗುತ್ತೆ, ನಿಜ. ಇದಕ್ಕೆ ಮುರಿದು ಬೀಳೋ ಸ್ನೇಹ ಮೊದಲ ದಿನವೇ ಮುರಿದ್ರೆ ನಷ್ಟ ಕಮ್ಮಿ.

ನೀವೇ ಟೀಮ್ ಕಟ್ಟೋರಾದ್ರೆ, ಯಾರೂ ಕೇಳೋ ಮುಂಚೆ ಅವರ ಹೆಸರು ಹಾಕಿ. ಬೇರೆಯವರು ಓದೋಕೆ ಕೊಟ್ಟ ಸ್ಕ್ರಿಪ್ಟ್ ಪೂರ್ತಿ ಓದಿ, ಎಲ್ಲಿ ಬೋರಾಯ್ತು ಅಂತ ಪುಟದ ನಂಬರ್ ಸಮೇತ ಹೇಳಿ. ಹಾಗೆ ಓದಿ ಹೇಳೋರನ್ನ ಯಾರೂ ಬೇಗ ಮರೆಯಲ್ಲ.

ಡಿಗ್ರಿ ಆದ್ಮೇಲೆ ಬ್ಯಾಂಕ್ ಪರೀಕ್ಷೆ ಬರಿ ಅಂತಿದಾರೆ ಮನೇಲಿ. ಬರೀತೀನಿ. ಸೀನ್‌ಗಳನ್ನೂ ಬರೀತೀನಿ. ಎರಡರಲ್ಲಿ ಯಾವುದು ಕೈ ಹಿಡಿಯುತ್ತೋ ಗೊತ್ತಿಲ್ಲ.

ನಿಮಗೆ ಈ ವಾರದ ಕೆಲಸ: ಎರಡೇ ಪುಟ, ಒಂದೇ ಸೀನ್. ಬರೆದು ಕ್ಲಾಸಲ್ಲಿ ಒಬ್ಬರಿಗೆ ಕೊಡಿ, ಅವರದ್ದನ್ನ ನೀವು ಓದಿ. ಯಾರ ಜೊತೆ ಬರೆದ್ರಿ ಅಂತ ಕಾಮೆಂಟಲ್ಲಿ ಅವರನ್ನ ಟ್ಯಾಗ್ ಮಾಡಿ.

ಭಾಗ 5: ಹತ್ತು ನಿಮಿಷದಲ್ಲಿ ಕಥೆ ಹೇಳೋದು ಹೇಗೆ.

#ಚಿತ್ರಕಥೆ #ಕನ್ನಡಸಿನಿಮಾ