ಚಿಪ್ಪಣಬೆಯ ಮನೆವಾರ್ತೆ

ಬತ್ತದ ಸುಗ್ಗಿ ಮುಗಿದು ಕಾಳು ಕಣಜವನ್ನು ಸೇರಿದ ಮೇಲೆ ಉಳಿಯುವ ಹುಲ್ಲಿಗೆ ನಮ್ಮ ನಾಡಿನ ಒಕ್ಕಲಿಗನು ತಲೆತಲಾಂತರದಿಂದ ಕಂಡುಕೊಂಡು ಬಂದಿರುವ ಉಪಯೋಗಗಳು ಒಂದೆರಡಲ್ಲ: ದನಕ್ಕೆ ಮೇವು, ಮಾಡಿಗೆ ಹೊದಿಕೆ, ಕೊಟ್ಟಿಗೆಗೆ ಹಾಸು, ಮಾವಿನಕಾಯಿ ಹಣ್ಣಾಗಲು ಮೆತ್ತೆ. ಇಷ್ಟಾಗಿಯೂ ಮಿಕ್ಕದ್ದು ಮಳೆಯಲ್ಲಿ ನೆನೆದು ತಿಪ್ಪೆಯಲ್ಲಿ ಕೊಳೆಯುತ್ತದೆ. ಕೊಳೆಯುವುದೇನೋ ನಿಶ್ಚಯ, ಅದನ್ನು ತಡೆಯಬಲ್ಲವರು ಯಾರೂ ಇಲ್ಲ. ಆದರೆ ಆ ಹುಲ್ಲು ಯಾವ ಜೀವಿಯ ಆಹಾರವಾಗಿ ಕೊಳೆಯಬೇಕೆಂಬುದನ್ನು ಮಾತ್ರ ಮನುಷ್ಯನು ತಾನೇ ನಿರ್ಣಯಿಸಬಹುದಾಗಿದೆ. ಮನೆಯಲ್ಲಿ ಚಿಪ್ಪಣಬೆಯನ್ನು ಬೆಳೆಯುವವನ ವಿದ್ಯೆಯೆಲ್ಲವೂ ಈ ಒಂದು ನಿರ್ಣಯದಲ್ಲಿಯೇ ಅಡಗಿದೆಯೆಂದು ನಾನು ತಿಳಿದಿದ್ದೇನೆ.

ಕಾಡಿನಲ್ಲಿ ಸತ್ತ ಮರದ ಕೊರಡುಗಳ ಮೇಲೆ ಹುಟ್ಟುವ ಈ ಜಾತಿಯನ್ನು ಮನುಷ್ಯನು ತನ್ನ ಕೈಯಿಂದ ಬೆಳೆಸಲು ತೊಡಗಿದ್ದು ಮೊದಲನೆಯ ಮಹಾಯುದ್ಧದ ಕಾಲದ ಜರ್ಮನಿಯಲ್ಲಿ. ಅಲ್ಲಿಯೂ ಮರದ ಬೊಡ್ಡೆಗಳೇ ಅದಕ್ಕೆ ಆಶ್ರಯ. ನಮ್ಮ ದೇಶದಲ್ಲಿ ಅದನ್ನು ಬತ್ತದ ಹುಲ್ಲಿಗೆ ಒಗ್ಗಿಸಿದ ಕೀರ್ತಿ ಮೈಸೂರಿಗೆ ಸೇರತಕ್ಕದ್ದೆಂಬುದನ್ನು ಮೈಸೂರಿನವರೇ ಮರೆತಂತಿದೆ. ಅರಮನೆಯ ರಾಜಕುಮಾರಿಗಾಗಿ ಕಟ್ಟಿಸಿದ ಚೆಲುವಾಂಬ ಭವನದಲ್ಲಿ 1950ರಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ಸಂಶೋಧನಾಲಯದ ಬಾನೊ ಮತ್ತು ಶ್ರೀವಾಸ್ತವ ಎಂಬ ವಿಜ್ಞಾನಿಗಳು 1962ರಲ್ಲಿ ಈ ಕ್ರಮವನ್ನು ಪ್ರಕಟಪಡಿಸಿದರು. ಮರವನ್ನು ಕಡಿಯದೆ, ಗೊಬ್ಬರವನ್ನು ಹದಗೊಳಿಸುವ ದೀರ್ಘವಾದ ಪರಿಶ್ರಮವಿಲ್ಲದೆ, ಬಡವನ ಅಂಗಳದಲ್ಲಿಯೂ ದೊರೆಯುವ ಹುಲ್ಲಿನಿಂದಲೇ ಪೌಷ್ಟಿಕವಾದ ಆಹಾರವನ್ನು ಪಡೆಯಬಹುದೆಂದು ತೋರಿಸಿಕೊಟ್ಟ ಈ ಕಾರ್ಯವನ್ನು ನಾನು ದೊಡ್ಡ ಉಪಕಾರವೆಂದೇ ಎಣಿಸುತ್ತೇನೆ.

ಅಣಬೆಯೆಂದರೆ ನಮ್ಮ ಜನದಲ್ಲಿ ಎರಡು ಬಗೆಯ ಭಾವನೆಗಳುಂಟು. ಛತ್ರಾಕವನ್ನು ಬೆಳ್ಳುಳ್ಳಿ ನೀರುಳ್ಳಿಗಳ ಪಂಕ್ತಿಯಲ್ಲಿ ನಿಲ್ಲಿಸಿ ನಿಷೇಧಿಸಿದ ಸ್ಮೃತಿಕಾರರ ಮಾತನ್ನು ಪಾಲಿಸುವ ಮನೆಗಳು ಒಂದೆಡೆ. ಮೊದಲ ಮಳೆಯ ಗುಡುಗು ಕೇಳಿದೊಡನೆ ಹುತ್ತದ ಬುಡಗಳನ್ನು ಹುಡುಕಿಕೊಂಡು ಹೊರಡುವ ಮಲೆನಾಡು ಕರಾವಳಿಗಳ ಮನೆಗಳು ಇನ್ನೊಂದೆಡೆ. ಈ ಎರಡನೆಯವರಿಗೂ ವಿಷದ ಅಣಬೆಯ ಭೀತಿ ತಪ್ಪಿದ್ದಲ್ಲ. ಹಿರಿಯರ ಕಣ್ಣಿನ ಅನುಭವವೊಂದೇ ಅಲ್ಲಿ ರಕ್ಷೆ. ಬೀಜದ ಕುಲವನ್ನು ತಿಳಿದು, ಶುದ್ಧವಾದ ಚೀಲದಲ್ಲಿ, ಕಣ್ಣೆದುರಿಗೆ ಬೆಳೆದುಕೊಂಡ ಚಿಪ್ಪಣಬೆಗೆ ಆ ಭೀತಿ ಇಲ್ಲ.

ಇನ್ನು ಕೆಲಸದ ಕ್ರಮವನ್ನು ಹೇಳುತ್ತೇನೆ. ಮಳೆಗೆ ಸಿಕ್ಕದ, ಹೊಂಬಣ್ಣ ಮಾಸದ ಹೊಸ ಹುಲ್ಲನ್ನು ಎರಡು ಮೂರು ಅಂಗುಲದ ತುಂಡುಗಳಾಗಿ ಕತ್ತರಿಸಿ, ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಆ ನೀರನ್ನು ಚೆಲ್ಲಿ, ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖದ ಬಿಸಿನೀರಿನಲ್ಲಿ ಒಂದು ಗಂಟೆಯ ಕಾಲ ಮುಳುಗಿಸಿಡಬೇಕು. ಬಳಿಕ ಅದನ್ನು ಶುಭ್ರವಾದ ನೆಲದ ಮೇಲೆ ನೆರಳಿನಲ್ಲಿ ಹರಡಬೇಕು. ಒಂದು ಹಿಡಿ ಹುಲ್ಲನ್ನು ಮುಷ್ಟಿಯಲ್ಲಿ ಬಲವಾಗಿ ಹಿಂಡಿದಾಗ ನೀರು ಧಾರೆಯಾಗಿ ಇಳಿದರೆ ಹದ ಬಂದಿಲ್ಲ. ಅಂಗೈ ತೇವವಾಗಿ, ಒಂದೆರಡು ಹನಿ ಮಾತ್ರ ಬೆರಳಿನ ಸಂದಿಯಲ್ಲಿ ತೋರಿದರೆ ಅದೇ ಹದ. ಈ ಪರೀಕ್ಷೆಯನ್ನು ಯಂತ್ರಕ್ಕೆ ಒಪ್ಪಿಸಬೇಕಾಗಿಲ್ಲ. ರೊಟ್ಟಿಯ ಹಿಟ್ಟು ನಾದಿ ಬಲ್ಲ ಗೃಹಿಣಿಯ ಕೈ ಇದನ್ನು ಎರಡನೆಯ ಸಲಕ್ಕೇ ಕಲಿತುಕೊಳ್ಳುತ್ತದೆ.

ಬಿಸಿನೀರಿನ ಸ್ನಾನ ಏತಕ್ಕೆ? ಹಸಿ ಹುಲ್ಲಿನಲ್ಲಿ ಮೊದಲೇ ನೆಲೆಸಿರುವ ಬೂಷ್ಟುಗಳೂ ಕೀಟಗಳ ಮೊಟ್ಟೆಗಳೂ ಅಸಂಖ್ಯ. ಅವುಗಳಲ್ಲಿ ಬಹುಭಾಗವನ್ನು ಶಮನಗೊಳಿಸಿ, ನಮಗೆ ಬೇಕಾದ ಶಿಲೀಂಧ್ರಕ್ಕೆ ಮೊದಲ ಕೆಲವು ದಿನಗಳ ಅವಕಾಶವನ್ನು ಒದಗಿಸಿಕೊಡುವುದೇ ಅದರ ಉದ್ದೇಶ. ಹಾಲನ್ನು ಹಾಗೆಯೇ ಬಿಟ್ಟರೆ ಅದು ಹೇಗೋ ಕೆಡುತ್ತದೆ. ಕಾಯಿಸಿ, ಆರಿಸಿ, ಒಳ್ಳೆಯ ಹೆಪ್ಪನ್ನು ಹಾಕಿದರೆ ಆ ಕೆಡುವಿಕೆಯೇ ಮೊಸರೆಂಬ ಸೌಭಾಗ್ಯವಾಗಿ ಪರಿಣಮಿಸುತ್ತದೆ. ಹುಲ್ಲಿನ ವಿಷಯವೂ ಅಕ್ಷರಶಃ ಹೀಗೆಯೇ. ಬಿಸಿನೀರಿಗೆ ಬದಲಾಗಿ ಫಾರ್ಮಾಲಿನ್ ಮತ್ತು ಕಾರ್ಬೆಂಡಜಿಮ್ ಎಂಬ ರಾಸಾಯನಿಕಗಳಲ್ಲಿ ಹುಲ್ಲನ್ನು ನೆನೆಸುವ ಪದ್ಧತಿಯೂ ಬಳಕೆಯಲ್ಲಿದೆ. ದೊಡ್ಡ ಪ್ರಮಾಣದಲ್ಲಿ ಬೆಳೆಯುವವರ ಅನುಕೂಲ ಅನನುಕೂಲಗಳನ್ನು ನಾನು ಇಲ್ಲಿ ವಿಚಾರಿಸುವುದಿಲ್ಲ. ಮನೆಯ ಒಲೆ ಇರುವಲ್ಲಿ, ಮಕ್ಕಳು ತಿನ್ನತಕ್ಕ ಪದಾರ್ಥಕ್ಕೆ, ಆ ದ್ರಾವಣಗಳ ಸಹವಾಸ ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಣಬೆಯ ಬೀಜವೆಂದು ಕರೆಯುವುದು, ಬೇಯಿಸಿ ಶುದ್ಧಗೊಳಿಸಿದ ಜೋಳದ ಅಥವಾ ಗೋದಿಯ ಕಾಳಿನ ಮೇಲೆ ಪ್ರಯೋಗಶಾಲೆಯಲ್ಲಿ ಹಬ್ಬಿಸಿದ ಶಿಲೀಂಧ್ರದ ಬಿಳಿಯ ಎಳೆಗಳನ್ನು. ಬೆಂಗಳೂರಿನ ಸಮೀಪದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಇದು ದೊರೆಯುತ್ತದೆ, ಕಲಿಯಬಯಸುವವರಿಗೆ ಅಲ್ಲಿ ಶಿಕ್ಷಣವೂ ಉಂಟು. ಹದವಾದ ಹುಲ್ಲಿನ ತೂಕಕ್ಕೆ ನೂರಕ್ಕೆ ಮೂರರಿಂದ ಐದು ಪಾಲು ಬೀಜವನ್ನು ತೆಗೆದುಕೊಂಡು, ಪಾಲಿಥೀನ್ ಚೀಲದಲ್ಲಿ ಒಂದು ಪದರ ಹುಲ್ಲು, ಅಂಚಿನ ಸುತ್ತ ಒಂದು ಸಾಲು ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ, ಹೀಗೆ ಒತ್ತಿ ತುಂಬಿ, ಬಾಯಿ ಕಟ್ಟಿ, ಅಲ್ಲಲ್ಲಿ ಸಣ್ಣ ರಂಧ್ರಗಳನ್ನು ಚುಚ್ಚಿ, ಕತ್ತಲೆಯ ಕೋಣೆಯಲ್ಲಿ ಇಡತಕ್ಕದ್ದು.

ಅಲ್ಲಿಂದ ಮುಂದೆ ಹದಿನೈದರಿಂದ ಇಪ್ಪತ್ತು ದಿನ ಮನುಷ್ಯನಿಗೆ ಏನೂ ಕೆಲಸವಿಲ್ಲ. ಇರುವ ಕೆಲಸವೆಲ್ಲ ಆ ಎಳೆಗಳದು. ನಾವು ಅಣಬೆಯೆಂದು ಕೊಯ್ಯುವುದು ಕೇವಲ ಫಲ. ನಿಜವಾದ ದೇಹವು ಹುಲ್ಲಿನೊಳಗೆ ಹರಡಿರುವ ಈ ಸೂಕ್ಷ್ಮ ತಂತುಜಾಲವೇ. ಹಸುವಿನ ಹೊಟ್ಟೆಗೂ ಜೀರ್ಣವಾಗದ ಲಿಗ್ನಿನ್ ಎಂಬ ಕಾಷ್ಠದ್ರವ್ಯವನ್ನು ಅದು ತನ್ನ ಕಿಣ್ವಗಳಿಂದ ಒಡೆದು ಉಣ್ಣುತ್ತದೆ. ಸಾರಜನಕದ ಕೊರತೆಯಿರುವ ಕಾಷ್ಠದಲ್ಲಿ ವಾಸಿಸುವ ಜೀವಿಯಾದ್ದರಿಂದ, ಹತ್ತಿರ ಸುಳಿಯುವ ಸೂಕ್ಷ್ಮವಾದ ದುಂಡುಹುಳುಗಳನ್ನು ವಿಷದಿಂದ ಸ್ತಬ್ಧಗೊಳಿಸಿ ಅವುಗಳ ಶರೀರವನ್ನೂ ಆಹಾರವಾಗಿಸಿಕೊಳ್ಳುತ್ತದೆ. ಇಷ್ಟು ಸೌಮ್ಯವಾದ ರೂಪಿನ ಹಿಂದೆ ಇಂತಹ ಪರಾಕ್ರಮವಿದೆಯೆಂಬುದು ನನ್ನಲ್ಲಿ ಇಂದಿಗೂ ವಿಸ್ಮಯವನ್ನು ಹುಟ್ಟಿಸುತ್ತದೆ. ಚೀಲದಲ್ಲಿ ಎಲ್ಲಿಯಾದರೂ ಹಸಿರು ಕಲೆ ಹರಡುತ್ತಿರುವುದು ಕಂಡರೆ ಟ್ರೈಕೋಡರ್ಮ ಎಂಬ ಪ್ರತಿಸ್ಪರ್ಧಿ ಒಳಹೊಕ್ಕಿದೆಯೆಂದು ತಿಳಿದು, ದಾಕ್ಷಿಣ್ಯ ನೋಡದೆ ಆ ಚೀಲವನ್ನು ಹೊರಗೆ ಸಾಗಿಸಬೇಕು.

ಚೀಲವೆಲ್ಲ ಬಿಳುಪಾಗಿ ಗಟ್ಟಿಯಾದ ಮೇಲೆ, ಅದನ್ನು ಸೀಳಿ, ಓದಲು ಸಾಕಾಗುವಷ್ಟು ಮೆದುವಾದ ಬೆಳಕಿಗೂ ಗಾಳಿಗೂ ತೆರೆದಿಡಬೇಕು. ದಿನಕ್ಕೆ ಎರಡು ಮೂರು ಸಲ ನೀರನ್ನು ತುಂತುರಾಗಿ ಚಿಮುಕಿಸಿ, ಗೋಡೆಗೆ ಒದ್ದೆ ಗೋಣಿಯನ್ನು ತೂಗುಬಿಟ್ಟು, ಕೋಣೆಯ ಆರ್ದ್ರತೆಯನ್ನು ನೂರಕ್ಕೆ 80ಕ್ಕಿಂತ ಕೆಳಗಿಳಿಯದಂತೆ ಕಾಪಾಡಿದರೆ, ಕೆಲವೇ ದಿನಗಳಲ್ಲಿ ಸಾಸಿವೆಕಾಳಿನಷ್ಟು ಮೊಗ್ಗುಗಳು ಗುಂಪುಗುಂಪಾಗಿ ಮೂಡುತ್ತವೆ. ಅವು ಅಂಗೈಯಗಲದ ಚಿಪ್ಪುಗಳಾಗಲು ಮತ್ತೆ ಮೂರು ನಾಲ್ಕು ದಿನ ಸಾಕು. ಕೋಣೆಯ ಗಾಳಿಯ ಗುಣವನ್ನು ಈ ಸಸಿಯಲ್ಲದ ಸಸಿಯೇ ನಮಗೆ ತಿಳಿಸುತ್ತದೆ: ಉಸಿರಾಟದಿಂದ ಹೊರಬಂದ ಇಂಗಾಲದ ಅನಿಲ ಸಂಚಯವಾದರೆ ತೊಟ್ಟು ನೀಳವಾಗಿ ಚಿಪ್ಪು ಕಿರಿದಾಗುತ್ತದೆ, ಕಿಟಕಿ ತೆರೆದರೆ ಮುಂದಿನ ಬೆಳೆಯಲ್ಲಿ ತೊಟ್ಟು ಕುಗ್ಗಿ ಚಿಪ್ಪು ಹಿಗ್ಗುತ್ತದೆ. ನೀರು ಹೆಚ್ಚಾದರೆ ಹಳದಿಯಾಗಿ ಕೊಳೆಯುವುದು. ಕಡಮೆಯಾದರೆ ಅಂಚು ಒಣಗಿ ಬಿರಿಯುವುದು. ಮನೆಯ ಯಾವ ಮೂಲೆಯಲ್ಲಿ ಗಾಳಿ ಆಡುತ್ತದೆ, ಯಾವ ಹೊತ್ತಿಗೆ ಬಿಸಿಲು ಒಳಗೆ ಬರುತ್ತದೆ ಎಂಬುದನ್ನು ಆ ಮನೆಯಲ್ಲಿಯೇ ಹುಟ್ಟಿ ಬೆಳೆದವರು ಕೂಡ ಅಣಬೆಯನ್ನು ಬೆಳೆಯತೊಡಗಿದ ಮೇಲೆಯೇ ಸರಿಯಾಗಿ ಅರಿಯುತ್ತಾರೆ.

ಚಿಪ್ಪಿನ ಅಂಚು ಇನ್ನೂ ಒಳಕ್ಕೆ ಬಾಗಿರುವಾಗಲೇ ಗೊಂಚಲನ್ನು ಹಿಡಿದು ಮೆಲ್ಲನೆ ತಿರುಚಿ ಕೀಳಬೇಕು. ತಡಮಾಡಿದರೆ ನಾರು ಬಲಿಯುವುದಲ್ಲದೆ, ಬೀಜಕಣಗಳು ಬಿಳಿಯ ಧೂಳಾಗಿ ಉದುರಿ, ಅದನ್ನು ಉಸಿರಾಡಿದ ಕೆಲವರಿಗೆ ಕೆಮ್ಮು ದಮ್ಮುಗಳನ್ನು ತರುತ್ತವೆ. ಕೊಯ್ದ ದಿನವೇ ಅಡುಗೆಯಾಗುವುದು ಉತ್ತಮ. ಮೆಣಸು, ಬೆಳ್ಳುಳ್ಳಿ, ಕರಿಬೇವು ಇಷ್ಟೇ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಹುರಿದುದನ್ನು ನಾನು ಮಸಾಲೆ ಮುಳುಗಿಸಿದ ಸಾರಿಗಿಂತ ಮೇಲೆಂದು ಹೇಳುವೆನು.

ಒಂದು ವಾರ ಹತ್ತು ದಿನಗಳ ಅಂತರದಲ್ಲಿ ಎರಡನೆಯ, ಮೂರನೆಯ ಬೆಳೆಗಳು ಬರುತ್ತವೆ. ಒಂದು ಕಿಲೋ ಒಣಹುಲ್ಲಿಗೆ ಒಟ್ಟಾರೆ ಅರ್ಧದಿಂದ ಒಂದು ಕಿಲೋ ಹಸಿ ಅಣಬೆಯನ್ನು ನಿರೀಕ್ಷಿಸಬಹುದು. ಏಪ್ರಿಲ್ ತಿಂಗಳ ಬಯಲುಸೀಮೆಯ ಬೇಗೆಯಲ್ಲಿ ಈ ಸಾಹಸ ಬೇಡ. ಮಳೆಗಾಲದಿಂದ ಮಾಘದ ಚಳಿಯವರೆಗೆ ಕಾಲ ಪ್ರಶಸ್ತವಾಗಿದೆ. ಸಾರ ತೀರಿದ ಚೀಲದ ಹುಲ್ಲು ಆಗ ಹಗುರವಾಗಿ, ಕೈಯಲ್ಲಿ ಮುರಿದರೆ ಪುಡಿಯಾಗುವಷ್ಟು ಮೃದುವಾಗಿರುತ್ತದೆ. ಅದನ್ನು ಹೂವಿನ ಪಾತಿಗೆ ಹೊದಿಸಿರಿ, ಇಲ್ಲವೇ ಎರೆಹುಳುವಿನ ತೊಟ್ಟಿಗೆ ಹಾಕಿರಿ. ಬಯಲಿನ ಹುಲ್ಲು ತಿಪ್ಪೆಯಲ್ಲಿ ಗೊಬ್ಬರವಾಗಲು ತೆಗೆದುಕೊಳ್ಳುವ ಕಾಲದ ಒಂದಂಶದಲ್ಲಿಯೇ ಅದು ಮಣ್ಣಿಗೆ ಸೇರಿಕೊಳ್ಳುತ್ತದೆ, ಏಕೆಂದರೆ ಆ ಕೆಲಸದ ಕಠಿಣವಾದ ಪಾಲನ್ನು ಅಣಬೆಯು ಆಗಲೇ ಮಾಡಿ ಮುಗಿಸಿರುತ್ತದೆ.