ಉಳಿ ಎತ್ತುವ ಮುನ್ನ

ದಾಂಡೇಲಿಯ ಟಿಂಬರ್ ಡಿಪೋ ಕಂಡವರಿಗೆ ಬೀಟೆ ಮರದ ಪರಿಚಯ ಮಾಡಿಕೊಡಬೇಕಿಲ್ಲ. ಸಾಗುವಾನಿ ದಿಮ್ಮಿಗಳ ರಾಶಿಯ ನಡುವೆ ಅದರ ನೇರಳೆಗಂದು ಒಡಲು, ಅದರಲ್ಲಿ ಹರಿದ ಕಪ್ಪು ಗೆರೆಗಳು ದೂರದಿಂದಲೇ ಗುರುತು ಸಿಗುತ್ತವೆ. ಹಳಿಯಾಳ, ಜೋಯಿಡಾ ಸೀಮೆಯ ಹಳೆಯ ಮನೆಗಳಲ್ಲಿ ಮೂರು ತಲೆಮಾರು ಕಂಡ ಮಂಚ, ಕಪಾಟುಗಳಿಗೆ ಈ ಮರವೇ ಆಗಬೇಕಿತ್ತು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಅರವತ್ತರ ದಶಕದ ನಡುವಿನಿಂದ ಅಮೆರಿಕದ ಫೆಂಡರ್ ಕಂಪನಿಯ ಗಿಟಾರುಗಳಲ್ಲಿ ಬೆರಳೂರುವ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್, ಹೆಚ್ಚಾಗಿ ಇದೇ ಜಾತಿಯ ಮರದ್ದು. ಅದಕ್ಕೂ ಮೊದಲು ಬ್ರೆಜಿಲ್ ದೇಶದ ಬೀಟೆ ಬಳಕೆಯಲ್ಲಿತ್ತು. ಹಳಿಯಾಳದ ಹುಡುಗನೊಬ್ಬ ಗೋವಾದಿಂದಲೋ ಬೆಂಗಳೂರಿನಿಂದಲೋ ಐವತ್ತು ವರ್ಷ ಹಳೆಯ ಬೇಸ್ ಗಿಟಾರ್ ಹೊತ್ತು ತಂದರೆ, ಅವನ ಬೆರಳ ಕೆಳಗಿನ ಮರ ತನ್ನೂರಿನ ಕಾಡಿನ ಬಳಗದ್ದೇ ಆಗಿರುವ ಸಾಧ್ಯತೆ ಬಹಳ.

ಬೇಸ್ ಗಿಟಾರ್ ಕಣ್ಣಿಗೆ ಬೀಳುವ ವಾದ್ಯವಲ್ಲ. ವೇದಿಕೆಯಲ್ಲಿ ಗಾಯಕ ಮುಂದೆ, ಕೀಬೋರ್ಡ್ ಪಕ್ಕದಲ್ಲಿ, ಬೇಸ್ ಹಿಡಿದವನು ಡ್ರಮ್ಸ್ ಬದಿಯಲ್ಲೆಲ್ಲೋ. ಆದರೆ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಗುನುಗುವ ಯಾವ ಕನ್ನಡಿಗನೂ ಸಂಗೀತ ನಿರ್ದೇಶಕ ಇಳಯರಾಜ ಬಳಸಿದ ಬೇಸ್ ನಡೆಯನ್ನು ಕೇಳದೆ ಉಳಿದಿಲ್ಲ. ಹಾಡಿನ ಕೆಳಗೆ ಇನ್ನೊಂದು ಹಾಡು ಹರಿಯುವಂತೆ ಅದು ಸಾಗುತ್ತದೆ. ಉತ್ತರ ಕನ್ನಡದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲೂ ಬೇಸಿಗೆ ಕೆಲಸವುಂಟು. ಚರ್ಚಿನ ಹಬ್ಬ, ಮದುವೆಯ ಆರ್ಕೆಸ್ಟ್ರಾ, ಗಣೇಶೋತ್ಸವದ ರಸಮಂಜರಿ, ಎಲ್ಲ ಕಡೆ ನೆಲದ ಸ್ವರ ಹಿಡಿಯುವವನೊಬ್ಬ ಬೇಕೇ ಬೇಕು.

ಈ ವಾದ್ಯಕ್ಕೆ ವಯಸ್ಸು ಹೆಚ್ಚಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದ. ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ಅಲೆಯುತ್ತಿದ್ದವರಿಗೆ ಅದು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಬಹುದಾದ ವಾದ್ಯ. ತಲೆಭಾಗದ ಬಳಿಯ ನಟ್‌ನಿಂದ ಬ್ರಿಜ್‌ವರೆಗೆ ತಂತಿಯ ಉದ್ದ 34 ಇಂಚು. ಪಟ್ಟಿಯ ಮೇಲೆ ಲೋಹದ ಅಡ್ಡಗೆರೆಗಳು, ಅಂದರೆ ಫ್ರೆಟ್, ಇದ್ದುದರಿಂದ ಸ್ವರ ಅಳತೆ ತಪ್ಪದೆ ಬೀಳುತ್ತಿತ್ತು. 1960ರಲ್ಲಿ ತೆಳು ನೆಕ್ಕಿನ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಎರಡಿರುವ ಜಾಜ್ ಬೇಸ್ ಬಂತು. 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೈಸೇರಿತು. ಅದಕ್ಕೆ ಮೊದಲಿನ ವಾದ್ಯಗಳಿಗೆ ಇವತ್ತು ಸಂಗ್ರಾಹಕರು ಕೊಡುವ ಬೆಲೆಯಲ್ಲಿ ದಾಂಡೇಲಿಯಲ್ಲಿ ಸೈಟು ಕೊಳ್ಳಬಹುದು. ನಮ್ಮ ಕಡೆಯ ವಾದಕನ ಕೈಗೆಟುಕುವುದು ಎಪ್ಪತ್ತು, ಎಂಬತ್ತರ ದಶಕದ ಜಪಾನಿನ ಬೇಸುಗಳು: 1977ರಲ್ಲಿ ಶುರುವಾದ ಯಮಹಾ ಬಿಬಿ ಸರಣಿ, ಗ್ರೆಕೋ, ಟೋಕಾಯ್, ಐಬನೀಜ್, 1982ರಿಂದ ತಯಾರಾದ ಜಪಾನಿ ಫೆಂಡರ್. ಜೊತೆಗೆ ಕೋಲ್ಕತ್ತದ ಗಿವ್‌ಸನ್‌ನಂಥ ದೇಶೀ ವಾದ್ಯಗಳು. 1991ರ ಆರ್ಥಿಕ ಸುಧಾರಣೆಗೆ ಮುಂಚೆ ವಿದೇಶಿ ವಾದ್ಯ ತರಿಸುವುದೆಂದರೆ ಪರವಾನಗಿ, ಸುಂಕಗಳ ದೊಡ್ಡ ಕಥೆಯಾಗಿತ್ತು. ಹಾಗಾಗಿ ಆ ಕಾಲದ ವಿದೇಶಿ ಬೇಸ್ ಒಂದು ಇಲ್ಲಿ ಸಿಕ್ಕಿತೆಂದರೆ, ಯಾರೋ ಕಷ್ಟಪಟ್ಟು ತಂದು ಜೋಪಾನ ಮಾಡಿದ್ದೆಂದೇ ಅರ್ಥ.

ಕೊಳ್ಳುವವನು ಮೊದಲು ನೋಡಬೇಕಾದ್ದು ನೆಕ್. ಬಾಡಿಯ ಕಡೆಯಿಂದ ಕಣ್ಣು ಹಾಯಿಸಿದರೆ ಅದು ನೇರವಾಗಿದೆಯೋ, ತಿರುಚಿದೆಯೋ ಕಾಣುತ್ತದೆ. ಸ್ವಲ್ಪ ಬಾಗಿದ ನೆಕ್ಕನ್ನು ಒಳಗಿನ ಉಕ್ಕಿನ ಸಲಾಕೆ, ಟ್ರಸ್ ರಾಡ್, ತಿರುಗಿಸಿ ಸರಿಪಡಿಸಬಹುದು. ಆದರೆ ಹಳೆಯ ಫೆಂಡರ್‌ಗಳಲ್ಲಿ ಆ ತಿರುಪು ಬಾಡಿಯೊಳಗೆ ಸೇರುವ ತುದಿಯಲ್ಲಿರುವುದರಿಂದ ನೆಕ್ ಬಿಚ್ಚಿಯೇ ತಿರುಗಿಸಬೇಕು. ಸಲಾಕೆ ಕೊನೆ ಮುಟ್ಟಿದ್ದರೆ, ಇಲ್ಲವೇ ನೆಕ್ ತಿರುಚಿಕೊಂಡಿದ್ದರೆ, ಎಷ್ಟೇ ಚಂದದ ವಾದ್ಯವಾದರೂ ಕೈಬಿಡುವುದು ಒಳ್ಳೆಯದು. ನೆಕ್ ಬಿಚ್ಚಿದಾಗ ತುದಿಯಲ್ಲಿ ಪೆನ್ಸಿಲಿನದೋ ಮೊಹರಿನದೋ ತಾರೀಖು ಸಿಗಬಹುದು. ಹಿಂಬದಿಯ ತಗಡಿನ ಸೀರಿಯಲ್ ನಂಬರ್ ಒಂದನ್ನೇ ನಂಬುವ ಹಾಗಿಲ್ಲ, ತಗಡು ಬದಲಾಗಿರಬಹುದು. ಹೆಚ್ಚು ಭರವಸೆಯ ಸಾಕ್ಷಿ ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿದೆ. ಅಮೆರಿಕದ ಪಾಟುಗಳ, ಅಂದರೆ ಆ ಗುಂಡಿಗಳು ತಿರುಗಿಸುವ ಪೊಟೆನ್ಶಿಯೋಮೀಟರುಗಳ, ಬೆನ್ನಿಗೆ ಸಂಖ್ಯೆ ಒತ್ತಿರುತ್ತಾರೆ. 1376632 ಎಂದಿದ್ದರೆ 137 ಎಂಬುದು ಸಿಟಿಎಸ್ ಎಂಬ ತಯಾರಕನ ಗುರುತು, 66 ಎಂದರೆ 1966, 32 ಎಂದರೆ ಆ ವರ್ಷದ ಮೂವತ್ತೆರಡನೇ ವಾರ. ಅದರ ಬೆಸುಗೆ ಹಿಂದೆಂದೂ ಕದಡಿಲ್ಲದಿದ್ದರೆ ಗಿಟಾರ್ ಆ ವಾರಕ್ಕಿಂತ ಹಳೆಯದಾಗಿರಲಾರದು.

ಇಷ್ಟು ನೋಡಿ, ಹಣ ಕೊಟ್ಟು, ಮನೆಗೆ ತಂದ ಮೇಲೆ ಹುಟ್ಟುವ ಪ್ರಶ್ನೆಯೇ ಕಷ್ಟದ್ದು. ಇದನ್ನು ಇದ್ದಂತೆ ಇಡುವುದೋ, ತನ್ನ ಕೈಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವುದೋ?

ಎರಡೂ ದಾರಿಯಲ್ಲಿ ದೊಡ್ಡವರು ನಡೆದಿದ್ದಾರೆ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ ಬೇಸನ್ನು ಇದ್ದಂತೆಯೇ ನುಡಿಸಿದ. ದಪ್ಪನೆಯ ಫ್ಲ್ಯಾಟ್‌ವೂಂಡ್ ತಂತಿಗಳನ್ನು ಕಡಿದು ಹೋದ ಹೊರತು ಬದಲಿಸುತ್ತಿರಲಿಲ್ಲ. ಹಳಸಿದ ತಂತಿಯ ಮೆತ್ತನೆಯ ದನಿಯೇ ಆ ಹಾಡುಗಳ ಜೀವ. ಅದೇ 1962ರ ಜಾಜ್ ಬೇಸ್ ಒಂದು ಫ್ಲಾರಿಡಾದ ಜ್ಯಾಕೋ ಪಸ್ಟೋರಿಯಸ್ ಕೈಯಲ್ಲಿ ಬೇರೆಯೇ ಆಯಿತು. ಫ್ರೆಟ್ ಕಿತ್ತ ಬೀಟೆ ಪಟ್ಟಿಯ ಮೇಲೆ ದೋಣಿಗಳಿಗೆ ಬಳಿಯುವ ಎಪಾಕ್ಸಿ ಲೇಪಿಸಿ, ಒರಟು ತಂತಿ ಮರವನ್ನು ತಿನ್ನದಂತೆ ಮಾಡಿ, ಅವನು ಬೇಸನ್ನು ಮನುಷ್ಯರ ಕೊರಳಿನಂತೆ ಹಾಡಿಸಿದ. 1976ರ ಅವನ ಮೊದಲ ಆಲ್ಬಮ್ ಕೇಳಿದವರಾರೂ ಆ ಫ್ರೆಟ್‌ಗಳಿಗಾಗಿ ದುಃಖಿಸುವುದಿಲ್ಲ.

ಬ್ರಿಟಿಷ್ ಗಾಯಕ, ಬೇಸ್ ವಾದಕ ಪಾಲ್ ಮೆಕಾರ್ಟ್ನಿಯ ಹಾಫ್ನರ್ ಬೇಸಿನ ಕಥೆ ಇನ್ನೂ ಸ್ವಾರಸ್ಯದ್ದು. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಆ ಪಿಟೀಲಿನಾಕಾರದ ಬೇಸಿಗೆ 1964ರಲ್ಲಿ ಹೊಸ ಬಣ್ಣ ಬಂತು, ಎರಡೂ ಪಿಕಪ್‌ಗಳು ಮರದ ಒಂದೇ ಚೌಕಟ್ಟಿಗೆ ಸೇರಿದವು. 1972ರಲ್ಲಿ ಲಂಡನ್ನಿನಲ್ಲಿ ಅದು ಕಳುವಾಯಿತು. ಒಡೆಯನ ಕೈಗೆ ಮರಳಿದ ಸುದ್ದಿ ಹೊರಬಿದ್ದದ್ದು 2024ರ ಫೆಬ್ರವರಿಯಲ್ಲಿ. ಕಾರ್ಖಾನೆ ಕೊಟ್ಟ ರೂಪಕ್ಕಿಂತ ಆ ದುರಸ್ತಿಯ ಗುರುತುಗಳಿಂದಲೇ ಅದು ತನ್ನಂಥ ಉಳಿದ ಬೇಸುಗಳ ನಡುವೆ ಬೇರೆಯಾಗಿ ಕಾಣುತ್ತದೆ.

ಇಂಥ ಉದಾಹರಣೆಗಳಿಗಾಗಿ ಕಡಲಾಚೆಗೇ ಹೋಗಬೇಕೆಂದಿಲ್ಲ. ಬಂಟ್ವಾಳ ಕಡೆಯ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನನ್ನು ಗಮಕಕ್ಕೆ ಒಗ್ಗುವಂತೆ ಮಾರ್ಪಡಿಸಿಕೊಂಡೇ ಕರ್ನಾಟಕ ಸಂಗೀತದ ಕಚೇರಿಗೆ ತಂದರು. ಧಾರವಾಡದ ಗಾಯಕರ ತಂಬೂರಿಗಳು ಮೀರಜ್ ಕುಶಲಿಗಳ ಬಳಿಗೆ ಮತ್ತೆ ಮತ್ತೆ ಹೋಗಿಬರುತ್ತವೆ. ತಂತಿ ಸವೆಸಿದ ಕುದುರೆಯನ್ನು ಉಜ್ಜಿ ಜವಾರಿ ತೆಗೆಯದಿದ್ದರೆ ತಂಬೂರಿ ಮೂಕವಾಗುತ್ತದೆ. ಹಳಿಯಾಳ, ಮುಂಡಗೋಡ, ಜೋಯಿಡಾ ಸೀಮೆಯ ಸಿದ್ದಿ ಸಮುದಾಯದ ಚರ್ಮವಾದ್ಯ ಡಮಾಮಿಯನ್ನೇ ನೋಡಿ. ಚರ್ಮ ಹರಿದರೆ ಹೊಸ ಚರ್ಮ ಬಿಗಿಯುತ್ತಾರೆ, ಮರದ ಒಡಲು ಉಳಿಯುತ್ತದೆ. ಹೊಸ ಚರ್ಮ ಬಂತೆಂದು ಆ ಡಮಾಮಿ ಹಿರಿಯರದ್ದಲ್ಲವೆಂದು ಯಾರೂ ಹೇಳುವುದಿಲ್ಲ. ನುಡಿಸುವ ಸಮುದಾಯಕ್ಕೆ ಸವೆಯುವ ಭಾಗ ಯಾವುದು, ಉಳಿಯಬೇಕಾದ ಭಾಗ ಯಾವುದು ಎಂಬ ತಿಳಿವಳಿಕೆ ಇದ್ದೇ ಇರುತ್ತದೆ.

ಬೇಸ್ ಗಿಟಾರಿಗೂ ಇದೇ ಲೆಕ್ಕ ಹೊಂದುತ್ತದೆ. ತಂತಿ, ಫ್ರೆಟ್, ನಟ್, ಪಾಟ್, ಜ್ಯಾಕ್ ಇವು ಸವೆಯುವುದಕ್ಕೇ ಹುಟ್ಟಿದವು. ಕರಕರ ಸದ್ದು ಮಾಡುವ ಪಾಟಿಗೆ ಮೊದಲು ಕ್ಲೀನರ್ ಹಾಕಿ ನೋಡಬೇಕು, ಕೇಳದಿದ್ದರೆ ಬದಲಿಸಬೇಕು. ಬ್ರಿಜ್ ಬದಲಿಸುವುದಾದರೆ ಹಳೆಯ ಸ್ಕ್ರೂ ತೂತಿಗೇ ಕೂರುವಂಥದ್ದು ಸಿಗುತ್ತದೆ. ಪಿಕಪ್ ಸುರುಳಿ ಕಡಿದಿದ್ದರೆ ಹೊಸ ತಂತಿ ಸುತ್ತಿಸಬಹುದು, ಇಲ್ಲವೇ ಅದೇ ಅಳತೆಯ ಬೇರೆ ಪಿಕಪ್ ಕೂರಿಸಿ ಹಳೆಯದನ್ನು ಎತ್ತಿಡಬಹುದು. ಇವೆಲ್ಲ ಮುಂದೊಂದು ದಿನ ಹಿಂದಕ್ಕೆ ಪಡೆಯಬಹುದಾದ ಬದಲಾವಣೆಗಳು.

ಮರ ಕೊರೆಯುವುದು ಹಾಗಲ್ಲ. ದೊಡ್ಡ ಪಿಕಪ್ಪಿಗೆಂದು ಬಾಡಿಯಲ್ಲಿ ಗುಳಿ ತೋಡಿದರೆ, ಬ್ಯಾಟರಿಯ ಪ್ರಿಆಂಪ್ ಸೇರಿಸಲು ಹಿಂಬದಿ ಕೆತ್ತಿದರೆ, ತಲೆಭಾಗದಲ್ಲಿ ಹೊಸ ತೂತು ಹೊಡೆದರೆ ಆ ಮರ ಮತ್ತೆ ಬೆಳೆಯುವುದಿಲ್ಲ. ಮೂಲ ಬಣ್ಣ ಕೆರೆದು ಹೊಸದಾಗಿ ಬಳಿದ ಹಳೆಯ ಗಿಟಾರಿಗೆ ಮಾರುಕಟ್ಟೆ ಸಾಮಾನ್ಯವಾಗಿ ಅರ್ಧ ಬೆಲೆಯನ್ನಷ್ಟೇ ಕೊಡುತ್ತದೆ. ಬೆಲೆಗಿಂತ ದೊಡ್ಡ ನಷ್ಟ ಇನ್ನೊಂದಿದೆ. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಿಟ್ಟ ಸೂಕ್ಷ್ಮ ಬಿರುಕು, ಹಿಂದಿನ ವಾದಕನ ಮೊಣಕೈ ಉಜ್ಜಿದ ಜಾಗ, ಇವು ಅರ್ಧ ಶತಮಾನದ ನುಡಿಸುವಿಕೆಯ ದಾಖಲೆ. ಅದನ್ನು ಅಳಿಸಲು ಮರಳುಕಾಗದಕ್ಕೆ ಒಂದು ಮಧ್ಯಾಹ್ನ ಸಾಕು.

ಈ ಸೀಮೆಯ ಹವೆಯೂ ಮಾತಿಗೆ ಬರಬೇಕು. ಕ್ಯಾಸಲ್‌ರಾಕ್, ಅಣಶಿ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುತ್ತದೆ. ಗಿಟಾರಿಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ಮಳೆಗಾಲದಲ್ಲಿ ಮರ ನೀರು ಹೀರಿ ಹಿಗ್ಗಿ ನೆಕ್ ಕದಲುತ್ತದೆ, ಪಿಕಪ್ ತಗಡಿಗೆ ತುಕ್ಕು ಹತ್ತುತ್ತದೆ, ಕೇಸಿನ ಒಳಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಬಯಲುಸೀಮೆಗೆ ಒತ್ತಿಕೊಂಡ ಮುಂಡಗೋಡದಲ್ಲಿ ಏಪ್ರಿಲ್ ಬಂತೆಂದರೆ ಮರ ಕುಗ್ಗಿ ಫ್ರೆಟ್ ತುದಿಗಳು ಅಂಗೈಗೆ ಚುಚ್ಚುತ್ತವೆ. ಆದ್ದರಿಂದ ಕೊಂಡ ತಿಂಗಳೇ ನೆಕ್ ಕೆಟ್ಟಿದೆಯೆಂದು ತೀರ್ಮಾನಿಸಿ ಕೆತ್ತಿಸುವುದು ಆತುರದ ಕೆಲಸ. ಒಂದು ಮಳೆಗಾಲ, ಒಂದು ಬೇಸಿಗೆ ಅದರೊಡನೆ ಕಳೆಯಬೇಕು. ಗಟ್ಟಿ ಕೇಸು, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತೇವಾಂಶ ತೋರಿಸುವ ಪುಟ್ಟ ಮೀಟರ್ ಇವಿಷ್ಟು ಸಾಕು. ಒಲೆಯ ಮೇಲಿನ ಅಟ್ಟ, ಮಳೆಗೆ ಮುಖವೊಡ್ಡಿದ ಗೋಡೆ ಇವೆರಡೂ ವಾದ್ಯಕ್ಕೆ ತಕ್ಕ ಜಾಗವಲ್ಲ.

ಒಂದು ಬದಲಾವಣೆಯನ್ನು ಮಾತ್ರ ಹಿಂದೆಮುಂದೆ ನೋಡದೆ ಮಾಡಿಸಬೇಕು. ಹಳೆಯ ಬೇಸಿನ ಗುಂಯ್‌ಗುಡುವಿಕೆ ಎಷ್ಟೋ ಸಲ ಒಳಗಿನ ಅರ್ತ್ ವೈರ್ ಕಡಿದದ್ದರಿಂದ ಬರುತ್ತದೆ. ಅದನ್ನು ಬೆಸೆದು, ಒಳಗುಳಿಗೆ ತಾಮ್ರದ ಹಾಳೆ ಅಂಟಿಸಿದರೆ ಸದ್ದು ತಗ್ಗುತ್ತದೆ, ಮರಕ್ಕೆ ಗಾಯವಾಗುವುದಿಲ್ಲ. ಇನ್ನು ಜಾತ್ರೆಯ ವೇದಿಕೆಯಲ್ಲಿ ಜನರೇಟರಿನಿಂದ ಕರೆಂಟು ಎಳೆದಾಗ, ಆಂಪ್ಲಿಫೈಯರಿಗೆ ಎರಡು ಪಿನ್ನಿನ ಪ್ಲಗ್ ಇದ್ದಾಗ, ತಂತಿ ಹಿಡಿದ ಬೆರಳಿಗೂ ಮೈಕಿಗೆ ತಗುಲಿದ ತುಟಿಗೂ ನಡುವೆ ವಿದ್ಯುತ್ ಹರಿಯುವ ಅಪಾಯವಿದೆ. ಆಂಪ್ಲಿಫೈಯರಿಗೆ ಸರಿಯಾದ ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಇಲ್ಲದೆ ವೇದಿಕೆ ಹತ್ತಬಾರದು. ಜೀವಕ್ಕಿಂತ ಹಳೆಯತನ ದೊಡ್ಡದಲ್ಲ.

ಬೀಟೆಯ ಪಟ್ಟಿಯನ್ನು ಕಿತ್ತು ಹೊಸದು ಹಾಕಿಸುವ ಯೋಚನೆ ಬಂದವರು ಮರದ ಸ್ಥಿತಿಯನ್ನೂ ನೆನೆಯಬೇಕು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದ 2017ರ ಜನವರಿ 2ರಿಂದ ಬೀಟೆಯ ಇಡೀ ಕುಲವನ್ನೇ ನಿಯಂತ್ರಣಕ್ಕೆ ತಂದಿತು. ಸಿದ್ಧಗೊಂಡ ವಾದ್ಯಗಳಿಗೆ 2019ರ ನವೆಂಬರ್ 26ರಿಂದ ವಿನಾಯಿತಿ ಸಿಕ್ಕಿತು. ಆದರೆ 1992ರಿಂದಲೇ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿರುವ ಬ್ರೆಜಿಲಿನ ಬೀಟೆಗೆ ಆ ವಿನಾಯಿತಿ ಇಲ್ಲ. ಅರವತ್ತರ ದಶಕದ ಮೊದಲ ವರ್ಷಗಳ ಬೇಸನ್ನು ವಿದೇಶದಿಂದ ತರಿಸುವವರು ಹಣ ಕಳಿಸುವ ಮೊದಲೇ ಕಾಗದಪತ್ರ ಕೇಳಿಕೊಳ್ಳಬೇಕು. ನಮ್ಮ ಬೀಟೆಯೂ ಅಳಿವಿನ ಅಂಚಿಗೆ ಜಾರುವ ಭೀತಿಯಿರುವ ಮರವೆಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಗುರುತಿಸಿದೆ. ಹಳೆಯ ಗಿಟಾರಿನ ಮೇಲಿರುವ ಆ ಒಂದು ಗೇಣಗಲವೂ ಇಲ್ಲದ ಪಟ್ಟಿ ಬೆಳೆಯಲು ಕಾಡು ಹತ್ತಾರು ವರ್ಷ ಕೊಟ್ಟಿದೆ. ಸವೆದ ಫ್ರೆಟ್ ಬದಲಿಸಿದರೆ ಅದೇ ಪಟ್ಟಿ ಇನ್ನೊಂದು ತಲೆಮಾರು ದುಡಿಯುತ್ತದೆ.

ಹಾಗಾದರೆ ಜ್ಯಾಕೋನಂತೆ ಫ್ರೆಟ್ ಕೀಳುವ ಆಸೆಯವರು ಏನು ಮಾಡಬೇಕು? ಹೊಸದಾಗಿ ತಯಾರಾದ, ಸುಲಭ ಬೆಲೆಯ ಬೇಸೊಂದರ ಮೇಲೆ ಆ ಪ್ರಯೋಗ ನಡೆಸಬಹುದು. ಅಥವಾ ಹಳೆಯ ನೆಕ್ಕನ್ನು ನಾಲ್ಕು ಸ್ಕ್ರೂ ಬಿಚ್ಚಿ ತೆಗೆದಿಟ್ಟು, ಫ್ರೆಟ್ ಇಲ್ಲದ ಬೇರೆ ನೆಕ್ ಕೂರಿಸಬಹುದು. ಈಗಾಗಲೇ ಯಾರೋ ಕೊರೆದು, ಬಣ್ಣ ಬಳಿದು ಕೆಡಿಸಿದ ಹಳೆಯ ಬೇಸ್ ಕಡಿಮೆ ಬೆಲೆಗೆ ಸಿಕ್ಕರೆ ಅದು ಇನ್ನೂ ಒಳ್ಳೆಯದು. ಅಂಥದ್ದರಲ್ಲಿ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ, ಮರದ ದನಿ ಮಾತ್ರ ಹಾಗೇ ಇರುತ್ತದೆ. ನುಡಿಸುವವನಿಗೆ ಅದಕ್ಕಿಂತ ಲಾಭದ ಖರೀದಿ ಇಲ್ಲ.

ಹಳೆಯ ಬೇಸ್ ಕೊಂಡವರು ದಯವಿಟ್ಟು ಇಷ್ಟು ಮಾಡಿ. ಬಿಚ್ಚಿದ ಪ್ರತಿಯೊಂದು ಪಾಟು, ಸ್ಕ್ರೂ, ತಗಡನ್ನು ಒಂದು ಡಬ್ಬಿಯಲ್ಲಿ ಹಾಕಿ, ಯಾವಾಗ ಏನು ಬದಲಿಸಿದಿರೆಂದು ಚೀಟಿ ಬರೆದು ಕೇಸಿನಲ್ಲೇ ಇಡಿ. ಮುಂದೆ ಅದನ್ನು ಕೊಳ್ಳುವವರ ಕೈಗೆ ಆ ಡಬ್ಬಿಯನ್ನೂ ಕೊಡಿ. ಅಲ್ಲಿಯವರೆಗೆ ವಾದ್ಯವನ್ನು ಕಪಾಟಿನಲ್ಲಿ ಮಲಗಿಸಬೇಡಿ, ನುಡಿಸಿ.